ಚರ್ಮದ ಕ್ಯಾನ್ಸರ್‌ಗೆ ಬೆಳಕಿನ ಚಿಕಿತ್ಸೆ: ಯಾರಿಗೆ ಒಪ್ಪುತ್ತದೆ, ಯಾರಿಗೆ ಶಸ್ತ್ರಚಿಕಿತ್ಸೆಯೇ ಮೇಲು?

ಬಯಾಪ್ಸಿ ವರದಿ ಕೈಗೆ ಬಂದ ಮೇಲೆ ಅನೇಕ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ಇಲ್ಲಿನ ವೈದ್ಯರು ‘ಕತ್ತರಿಸಿ ತೆಗೆಯಬೇಕು’ ಎನ್ನುತ್ತಾರೆ. ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಮಗಳು ‘ಇಲ್ಲಿ ಇದಕ್ಕೆ ಔಷಧಿ ಹಚ್ಚಿ ಕೆಂಪು ಬೆಳಕು ಬಿಡುತ್ತಾರೆ, ಹೊಲಿಗೆಯೇ ಬೇಡ’ ಎನ್ನುತ್ತಾಳೆ. ಪರಿಚಯದ ಮತ್ತೊಬ್ಬರು ಆರು ವಾರ ಮನೆಯಲ್ಲೇ ಮುಲಾಮು ಹಚ್ಚಿಕೊಂಡು ಗುಣವಾದವರು. ಈ ಮೂವರ ಮಾತಿನಲ್ಲೂ ಸತ್ಯವಿದೆ. ಮೂರೂ ಚಿಕಿತ್ಸೆಗಳು ಬಳಕೆಯಲ್ಲಿವೆ, ಮೂರನ್ನೂ ಅಧ್ಯಯನಗಳು ಪರೀಕ್ಷಿಸಿವೆ. ಆದರೆ ಒಬ್ಬರ ಬೆನ್ನಿನ ಮೇಲಿರುವ ತೆಳುವಾದ ಕೆಂಪು ಚಕ್ಕೆಗೆ ಒಪ್ಪುವ ಚಿಕಿತ್ಸೆ ಇನ್ನೊಬ್ಬರ ಮೂಗಿನ ಪಕ್ಕದ ಕಪ್ಪು ಗಂಟಿಗೆ ಒಪ್ಪುವುದಿಲ್ಲ. ಆದ್ದರಿಂದ ಚಿಕಿತ್ಸೆಗಳನ್ನು ಹೋಲಿಸುವ ಮೊದಲು, ಯಾವುದನ್ನು ಆಧಾರವಾಗಿಟ್ಟುಕೊಂಡು ಹೋಲಿಸಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಈ ಲೇಖನದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಚರ್ಮದ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಬೇಸಲ್ ಸೆಲ್ ಕಾರ್ಸಿನೋಮ. ಅದು ನಿಧಾನವಾಗಿ ಬೆಳೆಯುತ್ತದೆ, ದೇಹದ ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಆದರೆ ಬಿಟ್ಟರೆ ಇರುವ ಜಾಗದಲ್ಲೇ ಆಳಕ್ಕೆ ಕೊರೆಯುತ್ತ ಮೂಗು, ರೆಪ್ಪೆ, ಕಿವಿಗಳನ್ನು ಹಾಳುಮಾಡುತ್ತದೆ. ಎರಡನೆಯದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಇದು ಚರ್ಮದ ಮೇಲ್ಪದರವನ್ನು ದಾಟದೆ ಇರುವ ಹಂತಕ್ಕೆ ಬೋವೆನ್ ಕಾಯಿಲೆ ಎನ್ನುತ್ತಾರೆ. ಬಿಸಿಲಿಗೆ ಬೆಂದ ಚರ್ಮದ ಮೇಲೆ ಏಳುವ ಒರಟು ಚಕ್ಕೆಗಳಿಗೆ, ಅಂದರೆ ಕ್ಯಾನ್ಸರ್‌ಗೆ ಮುಂಚಿನ ಹಂತಕ್ಕೆ, ಆಕ್ಟಿನಿಕ್ ಕೆರಟೋಸಿಸ್ ಎಂದು ಹೆಸರು. ಬೆಳಕಿನ ಚಿಕಿತ್ಸೆಯ ಮಾತು ಬರುವುದು ತೆಳುವಾದ ಬೇಸಲ್ ಸೆಲ್ ಕಾರ್ಸಿನೋಮ, ಬೋವೆನ್ ಕಾಯಿಲೆ ಮತ್ತು ಆಕ್ಟಿನಿಕ್ ಕೆರಟೋಸಿಸ್ ಇವುಗಳಿಗೆ ಮಾತ್ರ. ಚರ್ಮದ ವರ್ಣಕೋಶಗಳಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್‌ಗೂ, ಆಳಕ್ಕಿಳಿದ ಸ್ಕ್ವಾಮಸ್ ಸೆಲ್ ಕಾರ್ಸಿನೋಮಕ್ಕೂ ಈ ಚಿಕಿತ್ಸೆಯನ್ನು ಆಲೋಚಿಸಲೇಬಾರದು. ಅವು ಹರಡುವ ಕ್ಯಾನ್ಸರ್‌ಗಳು, ಅವುಗಳ ವಿಷಯದಲ್ಲಿ ಕಾಲಹರಣ ಅಪಾಯಕರ.

ಮೊದಲು ಅಳತೆಗೋಲುಗಳು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಯಾಪ್ಸಿ ವರದಿಯಲ್ಲಿರುವ ಉಪವಿಧ ಮತ್ತು ಆಳ. ‘ಸೂಪರ್‌ಫಿಶಿಯಲ್’ ಎಂದಿದ್ದರೆ ಗಡ್ಡೆ ಮೇಲ್ಪದರದಲ್ಲೇ ಇದೆ ಎಂದರ್ಥ. ‘ನಾಡ್ಯುಲರ್’ ಎಂದರೆ ಗಂಟಾಗಿ ಒಳಗಿಳಿದಿದೆ. ‘ಮಾರ್ಫಿಯಫಾರ್ಮ್’ ಅಥವಾ ‘ಇನ್‌ಫಿಲ್ಟ್ರೇಟಿವ್’ ಎಂದರೆ ಕಣ್ಣಿಗೆ ಕಾಣುವ ಅಂಚಿನಾಚೆಗೂ ಬೇರು ಬಿಟ್ಟಿದೆ. ಬಯಾಪ್ಸಿಯೇ ಆಗದೆ ಮುಲಾಮನ್ನೋ ಬೆಳಕನ್ನೋ ಆರಂಭಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಎರಡನೆಯದು ಜಾಗ. ಕಣ್ಣು, ಮೂಗು, ತುಟಿ, ಕಿವಿಗಳ ಸುತ್ತಲಿನ ಭಾಗದಲ್ಲಿ ಗಡ್ಡೆ ಮರುಕಳಿಸುವ ಸಂಭವ ಹೆಚ್ಚು, ಮರುಕಳಿಸಿದರೆ ಆಗುವ ನಷ್ಟವೂ ಹೆಚ್ಚು. ಬೆನ್ನು, ಹೊಟ್ಟೆ, ತೋಳುಗಳಲ್ಲಿ ಆ ಭಯ ಕಡಿಮೆ. ಮೊಣಕಾಲಿನ ಕೆಳಗಿನ ಭಾಗದ ತೊಂದರೆ ಬೇರೆಯದು: ಅಲ್ಲಿ ಚರ್ಮ ಬಿಗಿ, ರಕ್ತಸಂಚಾರ ಕಡಿಮೆ, ಗಾಯ ಮಾಯುವುದು ನಿಧಾನ, ಮಧುಮೇಹಿಗಳಲ್ಲಂತೂ ಇನ್ನೂ ನಿಧಾನ.

ಮೂರನೆಯದು ಐದು ವರ್ಷಗಳ ನಂತರದ ಫಲಿತಾಂಶ. ಮೂರು ತಿಂಗಳಿಗೆ ಚರ್ಮ ನುಣ್ಣಗಾಗಿ ಕಂಡರೆ ಸಾಲದು. ಚರ್ಮದಡಿಯಲ್ಲಿ ಉಳಿದ ಬೇಸಲ್ ಸೆಲ್ ಗಡ್ಡೆ ಎರಡು ಮೂರು ವರ್ಷಗಳ ನಂತರ ತಲೆಯೆತ್ತಬಹುದು. ಇದರ ಜೊತೆಗೆ ಉಳಿಯುವ ಕಲೆ, ಚಿಕಿತ್ಸೆಯ ನೋವು, ಆಸ್ಪತ್ರೆಗೆ ಓಡಾಡಬೇಕಾದ ಸಲ, ಖರ್ಚು ಮತ್ತು ಮುಂದೆ ವರ್ಷಗಟ್ಟಲೆ ತಪಾಸಣೆಗೆ ಬರಬಲ್ಲಿರಾ ಎಂಬುದು ಸೇರುತ್ತವೆ. ತಪಾಸಣೆಯ ಪ್ರಶ್ನೆಗೆ ಜನ ಹೆಚ್ಚು ಗಮನ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ಖರ್ಚಿನಷ್ಟೇ ಮುಖ್ಯ.

ಬೆಳಕು ಮಾಡುವ ಕೆಲಸ

‘ಲೈಟ್ ಟ್ರೀಟ್‌ಮೆಂಟ್’ ಎಂಬ ಮಾತು ನಮ್ಮಲ್ಲಿ ತೊನ್ನು ಮತ್ತು ಸೋರಿಯಾಸಿಸ್‌ಗೆ ಕೊಡುವ ಅತಿನೇರಳೆ ಕಿರಣಗಳ ಚಿಕಿತ್ಸೆಗೆ ರೂಢಿಯಾಗಿದೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಚರ್ಮದ ಕ್ಯಾನ್ಸರ್‌ಗೆ ಬಳಸುವುದು ಫೋಟೋಡೈನಮಿಕ್ ಥೆರಪಿ, ಆಸ್ಪತ್ರೆಗಳ ಮಾತಿನಲ್ಲಿ ಪಿಡಿಟಿ. ಇದರಲ್ಲಿ ಬೆಳಕೊಂದೇ ಏನನ್ನೂ ಮಾಡುವುದಿಲ್ಲ. ಔಷಧಿ, ಬೆಳಕು ಮತ್ತು ಅಂಗಾಂಶದಲ್ಲಿರುವ ಆಮ್ಲಜನಕ ಈ ಮೂರೂ ಕೂಡಿದರೆ ಮಾತ್ರ ಕೆಲಸ ನಡೆಯುತ್ತದೆ. ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಮಾರುವ ಕೆಂಪು ಎಲ್‌ಇಡಿ ಮುಖವಾಡಗಳಿಂದಾಗಲಿ, ಸೌಂದರ್ಯ ಚಿಕಿತ್ಸಾಲಯಗಳ ಬೆಳಕಿನ ಆರೈಕೆಯಿಂದಾಗಲಿ ಕ್ಯಾನ್ಸರ್ ಗುಣವಾಗದಿರುವುದಕ್ಕೆ ಇದೇ ಕಾರಣ.

ಈ ತತ್ತ್ವ ಹೊಳೆದದ್ದು ಸುಮಾರು 1900ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಅಕ್ರಿಡೀನ್ ಬಣ್ಣ ಸೇರಿಸಿದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕು ಬಿದ್ದಾಗ ಸಾಯುವುದನ್ನೂ ಕತ್ತಲಲ್ಲಿ ಬದುಕುವುದನ್ನೂ ಗಮನಿಸಿದ. ಅವನ ಗುರು ಹರ್ಮನ್ ಫಾನ್ ಟಪ್ಪೈನರ್ ಕೆಲವೇ ವರ್ಷಗಳಲ್ಲಿ ಇಯೋಸಿನ್ ಬಣ್ಣ ಹಚ್ಚಿ ಚರ್ಮದ ಗಡ್ಡೆಗಳ ಮೇಲೆ ಬೆಳಕು ಪ್ರಯೋಗಿಸಿ ನೋಡಿದರು. ಆದರೆ ಇಂದಿನ ರೂಪ ಬಂದದ್ದು 1990ರಲ್ಲಿ, ಕೆನಡಾದ ಕೆನಡಿ ಮತ್ತು ಸಂಗಡಿಗರು ಅಮಿನೋಲೆವುಲಿನಿಕ್ ಆಮ್ಲವನ್ನು ಚರ್ಮದ ಮೇಲೆ ಹಚ್ಚಿ ಫಲಿತಾಂಶ ಪ್ರಕಟಿಸಿದಾಗ. ಈ ಆಮ್ಲ ನಮ್ಮ ದೇಹದಲ್ಲೇ ಇರುವಂಥದ್ದು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಾಗುವ ಸರಪಳಿಯ ಆರಂಭದ ಕೊಂಡಿ. ಹೊರಗಿನಿಂದ ಹೆಚ್ಚಾಗಿ ಕೊಟ್ಟಾಗ ಗಡ್ಡೆಯ ಜೀವಕೋಶಗಳಲ್ಲಿ ಪ್ರೋಟೋಪಾರ್ಫಿರಿನ್ ಎಂಬ ಬೆಳಕು ಹೀರುವ ವಸ್ತು ಆರೋಗ್ಯವಂತ ಕೋಶಗಳಿಗಿಂತ ಹೆಚ್ಚಾಗಿ ತುಂಬಿಕೊಳ್ಳುತ್ತದೆ. ತಕ್ಕ ಬೆಳಕು ಬಿದ್ದೊಡನೆ ಅದು ಪಕ್ಕದ ಆಮ್ಲಜನಕವನ್ನು ಉಗ್ರ ರೂಪಕ್ಕೆ ತಂದು ಆ ಕೋಶಗಳನ್ನು ಕೊಲ್ಲುತ್ತದೆ. ಸುತ್ತಲಿನ ಚರ್ಮಕ್ಕೆ ಆಗುವ ಹಾನಿ ಕಡಿಮೆ, ಆದ್ದರಿಂದ ಕಲೆಯೂ ಕಡಿಮೆ.

ಚಿಕಿತ್ಸೆಯ ದಿನ ಮೇಲಿನ ಹಕ್ಕಳೆಯನ್ನು ಮೆಲ್ಲಗೆ ಕೆರೆದು ತೆಗೆದು, ಗಡ್ಡೆಗೂ ಅದರ ಸುತ್ತ ಸ್ವಲ್ಪ ಜಾಗಕ್ಕೂ ಔಷಧಿ ಹಚ್ಚಿ, ಬೆಳಕು ತಾಗದಂತೆ ಸುಮಾರು 3 ಗಂಟೆ ಮುಚ್ಚಿಡುತ್ತಾರೆ. ಅನಂತರ ಒರೆಸಿ, ಸುಮಾರು 630 ನ್ಯಾನೋಮೀಟರ್ ತರಂಗಾಂತರದ ಕೆಂಪು ದೀಪವನ್ನು ಹತ್ತು ನಿಮಿಷದಷ್ಟು ಹೊತ್ತು ಬಿಡುತ್ತಾರೆ. ಬೇಸಲ್ ಸೆಲ್ ಕಾರ್ಸಿನೋಮ ಮತ್ತು ಬೋವೆನ್ ಕಾಯಿಲೆಗೆ ಒಂದು ವಾರದ ಅಂತರದಲ್ಲಿ ಎರಡು ಸಲ ಮಾಡುವುದು ವಾಡಿಕೆ. ಮೂರು ತಿಂಗಳಿಗೆ ನೋಡಿ, ಉಳಿದಿದ್ದರೆ ಮತ್ತೆ ಮಾಡುತ್ತಾರೆ. ದೀಪ ಉರಿಯುವಾಗ ಹಸಿಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ ಬರುತ್ತದೆ; ಮುಖ ಮತ್ತು ತಲೆಯ ಮೇಲೆ ಅದು ಜೋರು. ತಣ್ಣನೆಯ ಗಾಳಿ, ನೀರಿನ ಸಿಂಪಡಣೆ, ನಡುವೆ ವಿರಾಮ, ಬೇಕಾದರೆ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಆಮೇಲೆ ಒಂದೆರಡು ದಿನ ಆ ಭಾಗಕ್ಕೆ ಬಿಸಿಲು ತಾಗಿಸಬಾರದು. ಹೀಮ್ ತಯಾರಿಕೆಯೇ ಕೆಟ್ಟಿರುವ ಪಾರ್ಫಿರಿಯ ಎಂಬ ಕಾಯಿಲೆ ಇರುವವರಿಗೆ ಈ ಚಿಕಿತ್ಸೆ ಸಲ್ಲದು. ಇದಕ್ಕೆ ಬಳಸುವ, ಮೇಲೆ ಹೇಳಿದ ಆಮ್ಲದ ಇನ್ನೊಂದು ರೂಪವಾದ ಮೀಥೈಲ್ ಅಮಿನೋಲೆವುಲಿನೇಟ್ ಮುಲಾಮಿನಲ್ಲಿ ಕಡಲೆಕಾಯಿ ಎಣ್ಣೆ ಇರುವುದರಿಂದ ಕಡಲೆಕಾಯಿ ಅಲರ್ಜಿ ಇರುವವರು ಅದನ್ನು ಮೊದಲೇ ತಿಳಿಸಬೇಕು.

ಇದರ ನಿಜವಾದ ಮಿತಿ ಆಳ. ಔಷಧಿಯೂ ಬೆಳಕೂ ಚರ್ಮದೊಳಗೆ ಹೆಚ್ಚು ದೂರ ಇಳಿಯುವುದಿಲ್ಲ; ಸುಮಾರು 2 ಮಿಲಿಮೀಟರ್‌ಗಿಂತ ದಪ್ಪನೆಯ ಗಡ್ಡೆಯಲ್ಲಿ ಫಲ ನೆಚ್ಚುವಂತಿರುವುದಿಲ್ಲ. ಇದನ್ನು ಅಂಕಿಗಳು ಸ್ಪಷ್ಟವಾಗಿ ತೋರಿಸುತ್ತವೆ. ಗಂಟಿನ ರೂಪದ, ಅಂದರೆ ನಾಡ್ಯುಲರ್ ಬೇಸಲ್ ಸೆಲ್ ಕಾರ್ಸಿನೋಮದಲ್ಲಿ ಶಸ್ತ್ರಚಿಕಿತ್ಸೆಯನ್ನೂ ಬೆಳಕನ್ನೂ ಹೋಲಿಸಿದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಐದು ವರ್ಷಕ್ಕೆ ಮರುಕಳಿಸಿದ್ದು ಶಸ್ತ್ರಚಿಕಿತ್ಸೆಯಲ್ಲಿ ಶೇ 2.3, ಬೆಳಕಿನಲ್ಲಿ ಶೇ 30.7. ಯುರೋಪಿನ ಇನ್ನೊಂದು ಅಧ್ಯಯನದಲ್ಲಿ ಅಂತರ ಇಷ್ಟಿರಲಿಲ್ಲ: ಮರುಕಳಿಕೆ ಶೇ 4 ಮತ್ತು ಶೇ 14. ಅದೇ ಅಧ್ಯಯನದಲ್ಲಿ ಐದು ವರ್ಷಗಳ ನಂತರ ಚರ್ಮ ಚೆನ್ನಾಗಿ ಕಾಣುತ್ತಿದೆ ಎಂದು ಪರಿಗಣಿಸಿದ್ದು ಬೆಳಕು ಪಡೆದವರಲ್ಲಿ ಶೇ 87, ಶಸ್ತ್ರಚಿಕಿತ್ಸೆ ಆದವರಲ್ಲಿ ಶೇ 54. ಬೆಳಕಿನ ಚಿಕಿತ್ಸೆಯನ್ನು ಆರಿಸುವವರು ಪಡೆಯುವುದೇನು, ಬಿಟ್ಟುಕೊಡುವುದೇನು ಎಂಬುದು ಈ ಎರಡು ಜೋಡಿ ಅಂಕಿಗಳಲ್ಲೇ ಇದೆ.

ಹಗಲಿನ ಬೆಳಕನ್ನೇ ಬಳಸುವ ಒಂದು ಪ್ರಕಾರವೂ ಇದೆ. ಮುಲಾಮು ಹಚ್ಚಿದ ಅರ್ಧ ಗಂಟೆಯೊಳಗೆ ಹೊರಗೆ ಹೋಗಿ ಎರಡು ಗಂಟೆ ಕೂತಿರುವುದು. ಉರಿ ಬಹುತೇಕ ಇರುವುದಿಲ್ಲ. ಇದು ತೆಳುವಾದ ಆಕ್ಟಿನಿಕ್ ಕೆರಟೋಸಿಸ್‌ಗೆ ಮಾತ್ರ, ಕ್ಯಾನ್ಸರ್ ಗಡ್ಡೆಗಲ್ಲ.

ಕತ್ತರಿಸಿ ತೆಗೆಯುವುದು

ಗಡ್ಡೆಯನ್ನು ಸುತ್ತಲಿನ ಕೆಲವು ಮಿಲಿಮೀಟರ್ ಆರೋಗ್ಯವಂತ ಚರ್ಮದೊಂದಿಗೆ ತೆಗೆದು ಹೊಲಿಗೆ ಹಾಕುವುದು ಹಳೆಯ ವಿಧಾನ, ಇಂದಿಗೂ ಮೊದಲ ವಿಧಾನ. ಅಪಾಯ ಕಡಿಮೆಯಿರುವ ಬೇಸಲ್ ಸೆಲ್ ಗಡ್ಡೆಗೆ ಸಾಮಾನ್ಯವಾಗಿ 4 ಮಿಲಿಮೀಟರ್ ಅಂಚು ಬಿಡುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಕೆಲಸವಾದ್ದರಿಂದ ಅದೇ ದಿನ ಮನೆಗೆ ಹೋಗಬಹುದು. ಇದರ ಬಹುದೊಡ್ಡ ಅನುಕೂಲ ಜನರ ಗಮನಕ್ಕೆ ಬರುವುದೇ ಕಡಿಮೆ: ತೆಗೆದ ತುಂಡು ಪೆಥಾಲಜಿಗೆ ಹೋಗುತ್ತದೆ, ‘ಅಂಚುಗಳಲ್ಲಿ ಗಡ್ಡೆ ಇಲ್ಲ’ ಎಂಬ ಲಿಖಿತ ವರದಿ ಬರುತ್ತದೆ. ಬೆಳಕಿನ ಚಿಕಿತ್ಸೆಯಲ್ಲೂ ಮುಲಾಮಿನಲ್ಲೂ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಗುಣವಾಗಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ, ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪಿನಿಂದ, ಕಾಲದಿಂದ ತಿಳಿಯಬೇಕು. ದೂರದ ಊರಿನಿಂದ ಬಂದು ಹೋಗುವವರಿಗೆ, ಮತ್ತೆ ಮತ್ತೆ ತಪಾಸಣೆಗೆ ಬರಲಾಗದವರಿಗೆ, ಆ ಒಂದು ವರದಿ ಕೊಡುವ ನಿಶ್ಚಿಂತೆಗೆ ಬೆಲೆ ಕಟ್ಟಲಾಗದು.

ಮುಖದ ಸೂಕ್ಷ್ಮ ಜಾಗಗಳಿಗೆ, ಮರುಕಳಿಸಿದ ಗಡ್ಡೆಗಳಿಗೆ, ಅಂಚು ತಿಳಿಯದ ಬಗೆಗಳಿಗೆ ಮೋಸ್ ಶಸ್ತ್ರಚಿಕಿತ್ಸೆ ಉತ್ತಮ. ಅಮೆರಿಕದ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ಒಂದು ತೆಳು ಪದರ ತೆಗೆದು, ಅದರ ಇಡೀ ಅಂಚನ್ನು ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಗಡ್ಡೆ ಉಳಿದಿರುವ ದಿಕ್ಕಿನಲ್ಲಷ್ಟೇ ಮತ್ತೊಂದು ಪದರ ತೆಗೆಯುತ್ತಾರೆ. ಹೀಗಾಗಿ ಒಳ್ಳೆಯ ಚರ್ಮ ವ್ಯರ್ಥವಾಗಿ ಹೋಗುವುದಿಲ್ಲ. ಮುಖದ ಬೇಸಲ್ ಸೆಲ್ ಗಡ್ಡೆಗಳ ಮೇಲೆ ನಡೆದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಹತ್ತು ವರ್ಷಕ್ಕೆ ಮರುಕಳಿಸಿದ್ದು ಮೋಸ್ ವಿಧಾನದಲ್ಲಿ ಶೇ 4.4, ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಶೇ 12.2. ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚೂ ಹೆಚ್ಚು, ಭಾರತದಲ್ಲಿ ಇದರಲ್ಲಿ ತರಬೇತಿ ಪಡೆದವರು ಕಡಿಮೆ. ಸಿಗದಿದ್ದಲ್ಲಿ, ಅಂಚಿನ ವರದಿ ಬರುವವರೆಗೆ ಗಾಯವನ್ನು ಮುಚ್ಚದೆ ಕಾದು ಆಮೇಲೆ ಪ್ಲಾಸ್ಟಿಕ್ ಸರ್ಜನ್ ಹೊಲಿಗೆ ಹಾಕುವ ವ್ಯವಸ್ಥೆ ಇದೆಯೇ ಎಂದು ಕೇಳಬಹುದು.

ಶಸ್ತ್ರಚಿಕಿತ್ಸೆಯ ಕೊರತೆ ಕಲೆ. ಎದೆ, ಭುಜ, ಬೆನ್ನಿನ ಮೇಲ್ಭಾಗದಲ್ಲಿ ನಮ್ಮ ಜನರ ಚರ್ಮದಲ್ಲಿ ಹೊಲಿಗೆಯ ಗುರುತು ಉಬ್ಬಿ ಕೀಲಾಯ್ಡ್ ಆಗುವುದು ಅಪರೂಪವಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಎಚ್ಚರಿಕೆ ಬೇಕು, ಆದರೆ ವೈದ್ಯರನ್ನು ಕೇಳದೆ ಆ ಮಾತ್ರೆಯನ್ನು ನಿಲ್ಲಿಸಬಾರದು.

ಮನೆಯಲ್ಲೇ ಹಚ್ಚುವ ಮುಲಾಮುಗಳು

ಇಮಿಕ್ವಿಮೋಡ್ ಶೇ 5ರ ಮುಲಾಮು ಆ ಜಾಗದ ರೋಗನಿರೋಧಕ ಶಕ್ತಿಯನ್ನು ಕೆರಳಿಸಿ ಗಡ್ಡೆಯ ಮೇಲೆ ಎತ್ತಿಕಟ್ಟುತ್ತದೆ. ತೆಳುವಾದ ಬೇಸಲ್ ಸೆಲ್ ಕಾರ್ಸಿನೋಮಕ್ಕೆ ವಾರಕ್ಕೆ 5 ದಿನದಂತೆ 6 ವಾರ ಹಚ್ಚುವುದು ಕ್ರಮ. ಫ್ಲೂರೋಯುರಾಸಿಲ್ ಮುಲಾಮು ಬೇಗ ಬೇಗ ಬೆಳೆಯುವ ಕೋಶಗಳನ್ನು ಕೊಲ್ಲುತ್ತದೆ. ದಿನಕ್ಕೆ ಎರಡು ಸಲದಂತೆ ಕೆಲವು ವಾರ ಹಚ್ಚಬೇಕು. ಗರ್ಭಿಣಿಯರಿಗೆ ಇದು ಕೂಡದು.

ಬೆಳಕಿಗೂ ಈ ಎರಡು ಮುಲಾಮುಗಳಿಗೂ ನೇರ ಹೋಲಿಕೆ ಮಾಡಿದ ಅಧ್ಯಯನವೊಂದು ನೆದರ್ಲೆಂಡ್ಸ್‌ನಲ್ಲಿ ನಡೆಯಿತು. ತೆಳುವಾದ ಬೇಸಲ್ ಸೆಲ್ ಕಾರ್ಸಿನೋಮ ಇದ್ದ 601 ಮಂದಿಯನ್ನು ಮೂರು ಗುಂಪು ಮಾಡಿ ಚಿಕಿತ್ಸೆ ಕೊಟ್ಟು, 2013ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. ಐದು ವರ್ಷಗಳ ಕೊನೆಗೆ ಗಡ್ಡೆ ಇಲ್ಲದೆ ಉಳಿದವರು ಇಮಿಕ್ವಿಮೋಡ್ ಗುಂಪಿನಲ್ಲಿ ಶೇ 80.5, ಫ್ಲೂರೋಯುರಾಸಿಲ್ ಗುಂಪಿನಲ್ಲಿ ಶೇ 70, ಬೆಳಕಿನ ಗುಂಪಿನಲ್ಲಿ ಶೇ 62.7. ಬೆಳಕಿನ ಚಿಕಿತ್ಸೆಯ ಬಗ್ಗೆ ಹೆಚ್ಚಿನ ಭರವಸೆ ಇಟ್ಟುಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಈ ಅಂಕಿಗಳನ್ನೇ. ಆದರೆ ಇದರೊಳಗೂ ಒಂದು ಮುಖ್ಯ ಅಪವಾದವಿದೆ: ಕಾಲಿನ ಮೇಲೆ ಗಡ್ಡೆ ಇದ್ದ ವಯಸ್ಸಾದವರಲ್ಲಿ ಬೆಳಕು ಇಮಿಕ್ವಿಮೋಡ್‌ಗಿಂತ ಹಿಂದೆ ಬೀಳಲಿಲ್ಲ.

ಇಮಿಕ್ವಿಮೋಡನ್ನು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ, ಅಪಾಯ ಕಡಿಮೆಯಿರುವ ಗಡ್ಡೆಗಳಲ್ಲಿ, ಐದು ವರ್ಷದ ಯಶಸ್ಸು ಮುಲಾಮಿನಿಂದ ಶೇ 82.5, ಶಸ್ತ್ರಚಿಕಿತ್ಸೆಯಿಂದ ಶೇ 97.7. ಬೋವೆನ್ ಕಾಯಿಲೆಯಲ್ಲೂ ಇದೇ ಕ್ರಮ ಕಾಣುತ್ತದೆ: ನೆದರ್ಲೆಂಡ್ಸ್‌ನಲ್ಲಿ ನಡೆದ ಹೋಲಿಕೆಯಲ್ಲಿ ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆ ಶೇ 97, ಫ್ಲೂರೋಯುರಾಸಿಲ್ ಶೇ 86, ಬೆಳಕು ಶೇ 82ರ ಆಸುಪಾಸಿನಲ್ಲಿ ಯಶಸ್ಸು ಕಂಡವು. ಆಕ್ಟಿನಿಕ್ ಕೆರಟೋಸಿಸ್‌ಗಾದರೆ 624 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ಲೂರೋಯುರಾಸಿಲ್ ಶೇ 74.7 ಮಂದಿಗೆ ಫಲ ಕೊಟ್ಟರೆ ಬೆಳಕು ಶೇ 37.7 ಮಂದಿಗೆ ಮಾತ್ರ ಕೊಟ್ಟಿತು.

ಹಾಗಾದರೆ ಮುಲಾಮೇ ಸಾಕಲ್ಲವೇ ಎಂದರೆ, ಅದಕ್ಕೆ ಬೇಕಾದ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಎರಡನೇ ಮೂರನೇ ವಾರಕ್ಕೆ ಆ ಜಾಗ ಕೆಂಪಾಗಿ, ರಸಿಕೆ ಸೋರಿ, ಹಕ್ಕಳೆ ಕಟ್ಟುತ್ತದೆ. ಇಮಿಕ್ವಿಮೋಡಿನಿಂದ ಕೆಲವರಿಗೆ ಜ್ವರ, ಮೈಕೈ ನೋವೂ ಬರುತ್ತದೆ. ಔಷಧಿ ಕೆಲಸ ಮಾಡುತ್ತಿದೆ ಎಂಬುದರ ಗುರುತು ಇದೇ ಎಂದು ಮೊದಲೇ ತಿಳಿಸದಿದ್ದರೆ ರೋಗಿಗಳು ಹೆದರಿ ನಡುವೆಯೇ ನಿಲ್ಲಿಸಿಬಿಡುತ್ತಾರೆ. ಕೈ ನಡುಗುವವರು, ಮರೆವಿನ ಕಾಯಿಲೆ ಇರುವವರು, ಬೆನ್ನಿಗೆ ಹಚ್ಚಿಕೊಡಲು ಮನೆಯಲ್ಲಿ ಯಾರೂ ಇಲ್ಲದವರು ಮುಲಾಮನ್ನು ಕ್ರಮವಾಗಿ ಮುಗಿಸುವುದು ಕಷ್ಟ. ಬೆಳಕಿನ ಚಿಕಿತ್ಸೆಯಲ್ಲಿ ಎಲ್ಲವೂ ಆಸ್ಪತ್ರೆಯಲ್ಲೇ, ಸಿಬ್ಬಂದಿಯ ಕೈಯಲ್ಲೇ ಮುಗಿಯುವುದರಿಂದ ಈ ತೊಡಕು ಇಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ. ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ನರುಲಿ, ಮಚ್ಚೆಗಳನ್ನು ಸುಡುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಕ್ಯಾನ್ಸರ್ ಗಡ್ಡೆಯ ಮೇಲೆ ಇಂಥದ್ದನ್ನು ಹಚ್ಚಿದರೆ ಮೇಲ್ಭಾಗ ಸುಟ್ಟು ಮಾಯ್ದಂತೆ ಕಂಡು, ಅಡಿಯಲ್ಲಿ ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ಉಳಿದ ಮೂರು ದಾರಿಗಳು

ಗಡ್ಡೆಯನ್ನು ಚಮಚದಂಥ ಉಪಕರಣದಿಂದ ಕೆರೆದು ತಳವನ್ನು ವಿದ್ಯುತ್ತಿನಿಂದ ಸುಡುವುದು ಅಗ್ಗ, ಬೇಗ, ಮತ್ತು ಮೈಕೈ ಮೇಲಿನ ಚಿಕ್ಕ, ತೆಳು ಗಡ್ಡೆಗಳಲ್ಲಿ ಒಳ್ಳೆಯ ಫಲ ಕೊಡುತ್ತದೆ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದೂ ಹಾಗೆಯೇ. ಇವೆರಡೂ ನಮ್ಮ ಕಂದು ಚರ್ಮದ ಮೇಲೆ ಬಿಳಿ ಕಲೆ ಉಳಿಸುವುದರಿಂದ ಮುಖಕ್ಕೆ ಬೇಡವೆನ್ನುತ್ತೇನೆ.

ವಿಕಿರಣ ಚಿಕಿತ್ಸೆ ಶಸ್ತ್ರಚಿಕಿತ್ಸೆ ತಾಳಲಾರದ ವಯೋವೃದ್ಧರಿಗೆ, ದೊಡ್ಡ ಗಡ್ಡೆಗಳಿಗೆ ಆಸರೆ. ಮುಖದ ಬೇಸಲ್ ಸೆಲ್ ಗಡ್ಡೆಗಳ ಮೇಲೆ ಫ್ರಾನ್ಸಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ವರ್ಷಕ್ಕೆ ವಿಫಲವಾದದ್ದು ಶಸ್ತ್ರಚಿಕಿತ್ಸೆಯಲ್ಲಿ ಶೇ 0.7, ವಿಕಿರಣದಲ್ಲಿ ಶೇ 7.5. ಅನೇಕ ದಿನ ಆಸ್ಪತ್ರೆಗೆ ಬರಬೇಕು, ಮತ್ತು ವರ್ಷಗಳು ಕಳೆದಂತೆ ಆ ಚರ್ಮ ತೆಳುವಾಗಿ ಕಲೆ ಎದ್ದು ಕಾಣುತ್ತದೆ. ಆದ್ದರಿಂದ ಚಿಕ್ಕ ವಯಸ್ಸಿನವರಿಗೆ ಕೊಡುವುದಿಲ್ಲ. ಬಿಸಿಲಿನ ಹಾನಿಯನ್ನು ಸರಿಪಡಿಸಿಕೊಳ್ಳಲಾಗದ ಕ್ಸೀರೋಡರ್ಮ ಪಿಗ್ಮೆಂಟೋಸಮ್ ಎಂಬ ಹುಟ್ಟು ಕಾಯಿಲೆ ಇರುವವರಲ್ಲೂ ಇದನ್ನು ದೂರವಿಡುತ್ತಾರೆ.

ನಮ್ಮ ಚರ್ಮಕ್ಕೆ ಈ ಅಂಕಿಗಳು ಎಷ್ಟು ಅನ್ವಯ?

ಮೇಲಿನ ಅಂಕಿಗಳೆಲ್ಲ ಬಿಳಿ ಚರ್ಮದವರ ನಡುವಿನಿಂದ ಬಂದವು. ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಚರ್ಮದ ಮೆಲನಿನ್ ನಮಗೆ ಕೊಟ್ಟಿರುವ ರಕ್ಷಣೆ ಅದು. ಆದರೆ ಬಂದಾಗ ಬರುವ ರೂಪ ಬೇರೆ. ನಮ್ಮಲ್ಲಿ ಬೇಸಲ್ ಸೆಲ್ ಗಡ್ಡೆ ಹೆಚ್ಚಾಗಿ ಮುಖದ ಮೇಲೆ, ಕಪ್ಪು ಬಣ್ಣದಲ್ಲಿ, ಗಂಟಿನಂತೆ ಕಾಣಿಸಿಕೊಳ್ಳುತ್ತದೆ. ಅನೇಕರು ಅದನ್ನು ಹಳೆಯ ಮಚ್ಚೆಯೆಂದೇ ಭಾವಿಸಿ ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಗಡ್ಡೆಯೊಳಗಿನ ಕಪ್ಪು ವರ್ಣದ್ರವ್ಯ ಬೆಳಕನ್ನು ತಾನೇ ಹೀರಿಕೊಂಡು ಆಳಕ್ಕೆ ಇಳಿಯಗೊಡುವುದಿಲ್ಲ. ಹೀಗೆ ಜಾಗ, ಬಣ್ಣ, ದಪ್ಪ ಮೂರೂ ಬೆಳಕಿನ ಚಿಕಿತ್ಸೆಗೆ ಪ್ರತಿಕೂಲವಾಗಿರುತ್ತವೆ. ಚಿಕಿತ್ಸೆಯ ನಂತರ ಆ ಜಾಗ ಕೆಲವು ತಿಂಗಳು ಕಪ್ಪಾಗಿ ಉಳಿಯುವ ಸಾಧ್ಯತೆಯೂ ನಮ್ಮಲ್ಲಿ ಹೆಚ್ಚು. ಆದ್ದರಿಂದ ಕರ್ನಾಟಕದ ಒಬ್ಬ ವೈದ್ಯರು ಮುಖದ ಮೇಲಿನ ಕಪ್ಪು ಗಂಟಿಗೆ ‘ಕತ್ತರಿಸೋಣ’ ಎಂದರೆ, ಅವರಿಗೆ ಹೊಸ ಚಿಕಿತ್ಸೆ ಗೊತ್ತಿಲ್ಲವೆಂದು ತಿಳಿಯಬೇಕಾಗಿಲ್ಲ. ಅವರ ಸಲಹೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಬೆಳಕು ನಮ್ಮಲ್ಲೂ ನಿಜವಾಗಿ ಉಪಯೋಗಕ್ಕೆ ಬರಬಹುದಾದ ಸಂದರ್ಭಗಳು ಬೇರೆ. ಆರ್ಸೆನಿಕ್ ಬೆರೆತ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬಿಸಿಲು ಕಾಣದ ಮೈಭಾಗಗಳಲ್ಲೂ ಬೋವೆನ್ ಚಕ್ಕೆಗಳು ಹಲವು ಕಡೆ ಏಳುತ್ತವೆ. ಬಂಗಾಳದಲ್ಲಿ ಇದು ದೊಡ್ಡ ಸಮಸ್ಯೆ. ನಮ್ಮಲ್ಲೇ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿ, ಅಲ್ಲಿನ ಜನರ ಚರ್ಮದ ಮೇಲೆ ಅದರ ಗುರುತುಗಳು ಕಂಡುಬಂದಿವೆ. ಹತ್ತಾರು ಚಕ್ಕೆಗಳನ್ನು ಒಂದೊಂದಾಗಿ ಕತ್ತರಿಸುವುದು ಕಾರ್ಯಸಾಧ್ಯವಲ್ಲ. ಅಂಥಲ್ಲಿ ಅಗಲವಾದ ಜಾಗಕ್ಕೆ ಒಮ್ಮೆಗೇ ಬಿಡಬಹುದಾದ ಬೆಳಕು ಅಥವಾ ಮುಲಾಮು ಅರ್ಥಪೂರ್ಣ. ಹುಟ್ಟಿನಿಂದಲೇ ವರ್ಣದ್ರವ್ಯವಿಲ್ಲದ ಆಲ್ಬಿನಿಸಂ ಇರುವವರು, ಮೂತ್ರಪಿಂಡ ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಇದೇ ಸಾಲಿಗೆ ಸೇರುತ್ತಾರೆ. ಆದರೆ ಇವರಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಬೇಗ ಆಳಕ್ಕಿಳಿಯುವುದರಿಂದ ದಪ್ಪಗಾದ, ಗಟ್ಟಿಯಾದ, ನೋಯುವ ಯಾವುದೇ ಚಕ್ಕೆಯನ್ನು ಮತ್ತೆ ಬಯಾಪ್ಸಿ ಮಾಡಿಸಲೇಬೇಕು.

ಖರ್ಚಿನ ಲೆಕ್ಕ

ಕೊಳ್ಳುವ ಔಷಧಿಯ ಮಟ್ಟಿಗೆ ಫ್ಲೂರೋಯುರಾಸಿಲ್ ಮತ್ತು ಇಮಿಕ್ವಿಮೋಡ್ ಮುಲಾಮುಗಳು ಎಲ್ಲಕ್ಕಿಂತ ಅಗ್ಗ. ಕೆರೆದು ಸುಡುವುದು, ಸಣ್ಣ ಶಸ್ತ್ರಚಿಕಿತ್ಸೆ ಅದರ ಮೇಲಿನ ಹಂತ. ಬೆಳಕಿನ ಚಿಕಿತ್ಸೆಗೆ ವಿಶೇಷ ದೀಪವೂ ದುಬಾರಿ ಔಷಧಿಯೂ ಬೇಕು, ಎರಡು ಸಲ ಮಾಡಬೇಕು, ನಮ್ಮಲ್ಲಿ ಲಭ್ಯವಿರುವ ಕಡೆಗಳೂ ಕಡಿಮೆ. ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಬೆಂಗಳೂರಿಗೆ ಎರಡು ಸಲ ಬಂದು, ಪ್ರತಿ ಸಲ ಅರ್ಧ ದಿನ ಕೂತು, ಮೂರು ತಿಂಗಳಿಗೆ ಮತ್ತೆ ಬರುವ ಪ್ರಯಾಣ, ವಸತಿ ಮತ್ತು ಜೊತೆಗೆ ಬರುವವರ ಕೂಲಿ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಪಿಎಲ್ ಕಾರ್ಡ್ ಇರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಒಂದೇ ಸೂರಿನಡಿ ಸಿಗುತ್ತವೆ. ಖಾಸಗಿ ವಿಮೆ ಇರುವವರು ಬೆಳಕಿನ ಚಿಕಿತ್ಸೆಗೆ ಒಪ್ಪುವ ಮೊದಲು ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ ಮತ್ತು ಮುಲಾಮಿನ ಖರ್ಚನ್ನು ಸಾಮಾನ್ಯವಾಗಿ ವಿಮೆ ಭರಿಸುವುದಿಲ್ಲ.

ಯಾರಿಗೆ ಯಾವುದು

ಮುಖದ ಮೇಲೆ, ಅದರಲ್ಲೂ ಕಣ್ಣು ಮೂಗುಗಳ ಬಳಿ ಗಂಟು ಇದ್ದು, ವಯಸ್ಸು ಐವತ್ತೋ ಅರವತ್ತೋ ಆಗಿ, ಇನ್ನೂ ದಶಕಗಳ ಬದುಕು ಮುಂದಿರುವವರಿಗೆ ಶಸ್ತ್ರಚಿಕಿತ್ಸೆ, ಸಾಧ್ಯವಿದ್ದರೆ ಮೋಸ್ ವಿಧಾನ. ಇಲ್ಲಿ ಕಲೆಯ ಭಯದಿಂದ ಬೆಳಕನ್ನು ಆರಿಸುವುದನ್ನು ನಾನು ಒಪ್ಪುವುದಿಲ್ಲ. ಮರುಕಳಿಸಿದ ಗಡ್ಡೆಯನ್ನು ತೆಗೆಯುವಾಗ ಆಗುವ ಕಲೆ ಮೊದಲಿನದಕ್ಕಿಂತ ದೊಡ್ಡದು.

ಎದೆ, ಭುಜ, ಬೆನ್ನಿನ ಮೇಲೆ ತೆಳುವಾದ ಬೇಸಲ್ ಸೆಲ್ ಚಕ್ಕೆ ಇದ್ದು, ಕೀಲಾಯ್ಡ್ ಆಗುವ ಮೈಯಾಗಿದ್ದರೆ ಮೊದಲು ಇಮಿಕ್ವಿಮೋಡ್ ಕೇಳಿ. ಆರು ವಾರಗಳ ಉರಿ, ಹಕ್ಕಳೆ ಬೇಡ, ಎರಡು ಭೇಟಿಯಲ್ಲಿ ಮುಗಿಯಬೇಕು, ಖರ್ಚು ಭರಿಸಬಲ್ಲೆ ಎನ್ನುವವರಿಗೆ ಬೆಳಕು ನ್ಯಾಯವಾದ ಆಯ್ಕೆ. ಮರುಕಳಿಸುವ ಸಂಭವ ಹೆಚ್ಚು ಎಂಬುದನ್ನು ಒಪ್ಪಿಕೊಂಡೇ ಅದಕ್ಕೆ ಕೂರಬೇಕು.

ಎಪ್ಪತ್ತೈದು ದಾಟಿದ, ಸಕ್ಕರೆ ಕಾಯಿಲೆಯ, ಕಾಲು ಊದುವ ತಾಯಿಯ ಮೊಣಕಾಲಿನ ಕೆಳಗೆ ಅಂಗೈ ಅಗಲದ ಬೋವೆನ್ ಚಕ್ಕೆ ಇದೆ ಎನ್ನಿ. ಕತ್ತರಿಸಿದರೆ ಚರ್ಮ ಕಸಿ ಬೇಕಾಗುತ್ತದೆ, ಆ ಗಾಯ ತಿಂಗಳುಗಟ್ಟಲೆ ಮಾಯದೆ ಹೋಗಬಹುದು. ಚಿಕಿತ್ಸೆಯಿಲ್ಲದೆ ಬಿಟ್ಟ ಬೋವೆನ್ ಚಕ್ಕೆಗಳಲ್ಲಿ ಆಳದ ಕ್ಯಾನ್ಸರ್ ಆಗಿ ಬದಲಾಗುವುದು ನೂರಕ್ಕೆ ಮೂರರಿಂದ ಐದು ಎಂಬುದು ಸಾಮಾನ್ಯ ಅಂದಾಜು, ಆದ್ದರಿಂದ ಅವಸರವಿಲ್ಲ, ಆದರೆ ಉಪೇಕ್ಷೆಯೂ ಸಲ್ಲದು. ಬೆಳಕಿನ ಚಿಕಿತ್ಸೆ ತನ್ನ ಬೆಲೆಗೆ ತಕ್ಕ ಫಲ ಕೊಡುವುದು ಇಂಥವರಿಗೇ. ಅದು ಕೈಗೆಟುಕದಿದ್ದರೆ ಫ್ಲೂರೋಯುರಾಸಿಲ್ ಅದರ ಹತ್ತಿರದ ಬದಲಿ.

ಹೊರದೇಶದಲ್ಲಿರುವ ಮಕ್ಕಳ ಬಳಿಗೆ ಹೋದಾಗ ಅಲ್ಲೇ ಬೆಳಕಿನ ಚಿಕಿತ್ಸೆ ಮಾಡಿಸಿಕೊಳ್ಳುವ ಯೋಚನೆ ಇರುವ ತಂದೆತಾಯಿಗಳು ಒಂದು ವಿಷಯ ಗಮನಿಸಬೇಕು. ಅಮೆರಿಕದಲ್ಲಿ 1999ರಲ್ಲಿ ಈ ಔಷಧಿಗೆ ಮೊದಲ ಅನುಮತಿ ಸಿಕ್ಕಿದ್ದು ಆಕ್ಟಿನಿಕ್ ಕೆರಟೋಸಿಸ್‌ಗೆ. ಯುರೋಪಿನಲ್ಲಿ ತೆಳುವಾದ ಬೇಸಲ್ ಸೆಲ್ ಕಾರ್ಸಿನೋಮ, ಬೋವೆನ್ ಕಾಯಿಲೆಗಳಿಗೂ ಅನುಮತಿ ಇದೆ. ಆಯಾ ದೇಶದ ನಿಯಮ, ವಿಮೆ ಬೇರೆ ಬೇರೆ. ಅಲ್ಲಿ ಮಾಡಿಸಿಕೊಂಡರೂ ಮುಂದಿನ ತಪಾಸಣೆ ಇಲ್ಲಿಯೇ ಆಗಬೇಕಾದ್ದರಿಂದ ಬಯಾಪ್ಸಿ ವರದಿ, ಬಳಸಿದ ಔಷಧಿಯ ಹೆಸರು, ಚಿಕಿತ್ಸೆಗೆ ಮೊದಲು ತೆಗೆದ ಫೋಟೊ ಇವನ್ನು ಕೇಳಿ ಪಡೆದು ತರಬೇಕು.

ವೈದ್ಯರನ್ನು ಕಾಣುವಾಗ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ನನ್ನ ಗಡ್ಡೆಯ ಉಪವಿಧ ಯಾವುದು, ದಪ್ಪ ಎಷ್ಟು? ಈ ಜಾಗದಲ್ಲಿ ಇದು ಮರುಕಳಿಸುವ ಸಾಧ್ಯತೆ ಎಷ್ಟು? ನೀವು ಹೇಳುವ ಚಿಕಿತ್ಸೆ ಫಲಿಸದಿದ್ದರೆ ಮುಂದಿನ ದಾರಿ ಯಾವುದು? ತಪಾಸಣೆಗೆ ಎಷ್ಟು ವರ್ಷ, ಎಷ್ಟು ತಿಂಗಳಿಗೊಮ್ಮೆ ಬರಬೇಕು? ಬೆಳಕು ಅಥವಾ ಮುಲಾಮನ್ನು ಆರಿಸಿದ್ದರೆ ಮೊದಲ ತಪಾಸಣೆ ಮೂರು ತಿಂಗಳಿಗೆ. ಆ ನಡುವೆ ಗುಣವಾದ ಜಾಗದಲ್ಲಿ ಮುತ್ತಿನಂತೆ ಹೊಳೆಯುವ ಉಬ್ಬು, ಪದೇ ಪದೇ ಕಟ್ಟುವ ಹಕ್ಕಳೆ, ತಾನಾಗಿ ಬರುವ ರಕ್ತ, ಅಥವಾ ನಾಲ್ಕು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ಆ ದಿನಾಂಕಕ್ಕಾಗಿ ಕಾಯದೆ ಹೋಗಿ ತೋರಿಸಿ, ಮತ್ತೊಮ್ಮೆ ಬಯಾಪ್ಸಿ ಬೇಕೇ ಎಂದು ಕೇಳಿ.